ಛಾಪಾ ಕಾಗದ

ಪುಂಡಲೀಕಣ್ಣ,
ನಿನ್ನ ನಾಮಪತ್ರದ ಪ್ರಮಾಣಪತ್ರ ಟೈಪು ಮಾಡಿದವಳು ನಾನೇ,
ಕಾರವಾರ ಕೋರ್ಟಿನೆದುರು, ಬಾದಾಮಿ ಮರದ ಕೆಳಗೆ,
ಮೂರನೇ ಮೇಜು.
ಒಂದು ಮನೆ, ಎರಡು ಟ್ರಾಲರು, ನಲವತ್ತು ತೊಲ ಬಂಗಾರ.
'ಪತ್ನಿಯ ಹೆಸರು' ಎಂಬ ಖಾನೆ ಬಂದಾಗ
ನೀನು ಬಾಯಿ ತೆರೆಯುವ ಮೊದಲೇ ನನ್ನ ಬೆರಳು ಬರೆದುಬಿಟ್ಟಿತ್ತು.
ಎಷ್ಟು ಸಲೀಸು ಆ ಖಾನೆ ನಿನಗೆ,
ಉಸಿರಾಡಿದ ಹಾಗೆ.

ಅದೇ ರಾತ್ರಿ ಕೋಡಿಬಾಗದ ನಮ್ಮ ಮನೆಗೆ ಬಂದೆ,
ಚಪ್ಪಲಿ ಹೊರಗೆ, ಬೆಂಬಲಿಗರೂ ಹೊರಗೆ.
ಸುಗಂಧಾ ತಿಸರೆ ಸುಕ್ಕೆ ಬಡಿಸಿದಳು.
ಚಿಪ್ಪೊಂದನ್ನು ಹೀರಿ, ಬೆರಳು ನೆಕ್ಕಿ, ಅಂದೆ:
"ಹನ್ನೊಂದು ವರ್ಷದಿಂದ ನೋಡ್ತಾ ಬಂದವ ನಾನು.
ಗಂಡ ಹೆಂಡ್ತಿ ಅನ್ನೋರೂ ಇಷ್ಟು ಚಂದ ಇರೂದಿಲ್ಲ ಮಾರಾಯ್ತಿ.
ಗೆದ್ದರೆ ಮಾತಾಡ್ತೆ. ಎದ್ದು ನಿಂತೇ ಮಾತಾಡ್ತೆ."
ಸುಗಂಧಾ ಇನ್ನೊಂದು ಸೌಟು ಹಾಕಿದಳು.
ಅವಳು ಯಾರಿಗೂ ಎರಡನೇ ಸೌಟು ಹಾಕುವವಳಲ್ಲ.

ಎದ್ದು ನಿಂತೆ. ಸುಳ್ಳು ಯಾಕೆ ಹೇಳಲಿ,
ಟೀವಿಯಲ್ಲಿ ಇಬ್ಬರೂ ನೋಡಿದೆವು, ಎದ್ದು ನಿಂತೆ,
ರಸ್ತೆಯ ಹೊಂಡದ ಬಗ್ಗೆ, ಬಂದರಿನ ಹೂಳಿನ ಬಗ್ಗೆ.
ಹುಡುಗಿಯೊಬ್ಬಳು ಮೈಕು ಹಿಡಿದು ನಮ್ಮಂಥವರ ಮಾತು ಎತ್ತಿದಾಗ
ಮೊದಲು ಅಂದೆ, ವೈಯಕ್ತಿಕವಾಗಿ ನನ್ನ ವಿರೋಧವಿಲ್ಲ.
ಬುಧವಾರ ಅಂದೆ, ಕೋರ್ಟು ನೋಡಿಕೊಳ್ಳಲಿ.
ಕೋರ್ಟು ಕಾನೂನು ಮಾಡುವವರ ಕಡೆ ಬೆರಳು ತೋರಿಸಿದ ದಿನ,
ದಿಲ್ಲಿ ನೋಡಿಕೊಳ್ಳಲಿ.
ಕೊನೆಗೆ ಮಠದಿಂದ ಹೊರಬರುತ್ತ,
ಹಣೆಯ ಗಂಧ ಇನ್ನೂ ಹಸಿ,
ನಮ್ಮ ಜನ ಇದಕ್ಕೆ ತಯಾರಿಲ್ಲ ಅಂದೆ.

ಯಾವ ಜನ, ಪುಂಡಲೀಕಣ್ಣ?
ಐಸು ಕಾರ್ಖಾನೆಯಲ್ಲಿ ಸುಗಂಧಾಳ ಲೆಕ್ಕ ತಪ್ಪಿದರೆ
"ಮನೆಯಲ್ಲಿ ಜಗಳವೇನೇ?" ಎಂದು ನಗುವ ಬೈತಖೋಲದ ಹಮಾಲರೆ?
ಚೌತಿಗೆ ಇಬ್ಬರಿಗೂ ಸೇರಿ
ಒಂದೇ ಡಬ್ಬಿ ಮೋದಕ ಕಳಿಸುವ ಶೆವಂತಿಬಾಯಿಯೆ?
ಅವರು ತಯಾರಾಗಿ ಬಾಗಿಲಲ್ಲಿ ನಿಂತು ಎಷ್ಟೋ ವರ್ಷವಾಯಿತು.
ಇನ್ನೂ ಚಪ್ಪಲಿ ಹುಡುಕುತ್ತಿರುವವನು ನೀನು.

ನಿನ್ನನ್ನು ಸಮುದ್ರಕ್ಕೆ ಹೋಲಿಸುತ್ತಾರೆ ಇಲ್ಲಿ,
ಒಮ್ಮೆ ಭರತ, ಒಮ್ಮೆ ಇಳಿತ ಎಂದು.
ಸಮುದ್ರಕ್ಕೆ ಯಾಕೆ ಅವಮಾನ?
ಅಷ್ಟಮಿಗೆ ಇಷ್ಟು ನೀರು, ಹುಣ್ಣಿಮೆಗೆ ಇಷ್ಟು ಎಂದು
ಕಾಳಿಯ ಅಳಿವೆಯಲ್ಲಿ ತಿಸರೆ ಹೆಕ್ಕುವ ಹೆಂಗಸರು
ಬೆರಳೆಣಿಸಿ ಹೇಳುತ್ತಾರೆ.
ಇಳಿಯುವ ಹೊತ್ತಿಗೆ ಅದು ಇಳಿಯುತ್ತದೆ,
ಅದನ್ನು ನಂಬಿಯೇ ಅವರು ಮೊಣಕಾಲುದ್ದ ಕೆಸರಲ್ಲಿ ಬಗ್ಗುತ್ತಾರೆ.
ನಿನ್ನ ತಿಥಿ ಯಾವ ಪಂಚಾಂಗದಲ್ಲೂ ಇಲ್ಲ.
ನಿನ್ನನ್ನು ನಂಬಿ ನಾವು
ನಡುಮಟ್ಟ ಇಳಿದಿದ್ದೆವು.

ಕಳೆದ ಆಷಾಢದಲ್ಲಿ ಸುಗಂಧಾಳ ಗರ್ಭಕೋಶ ತೆಗೆದರು.
ಒಪ್ಪಿಗೆ ಕಾಗದದಲ್ಲಿ 'ಸಂಬಂಧ' ಎಂಬ ಖಾನೆ.
ದಿನಕ್ಕೆ ಮೂವತ್ತು ಜನರ ಸಂಬಂಧ ಬರೆದುಕೊಡುವ ಕೈ
ಅಲ್ಲೇ ನಿಂತಿತು.
ಅಂಕೋಲೆಯಿಂದ ಅವಳ ಅಣ್ಣ ಬರುವ ತನಕ ಕಾಯಿಸಿದರು,
ಆರು ವರ್ಷದಿಂದ ಮಾತು ಬಿಟ್ಟ ಅಣ್ಣ.
ಬಂದ, ಸಹಿ ಹಾಕಿದ,
ಮುಂದಿನ ಬಸ್ಸಿಗೆ ಹೋದ.

ನಿನ್ನೆ ನಿನ್ನ ಹುಡುಗ ಬಂದಿದ್ದ.
ಮತ್ತೆ ಚುನಾವಣೆಯಂತೆ, ಹಳೆಯ ಪ್ರತಿ ಇದೆಯಾ ಎಂದು.
ಇದೆ.
ಟ್ರಾಲರು ಈಗ ನಾಲ್ಕಲ್ಲವೆ? ತಿದ್ದುತ್ತೇನೆ.
ಕಾಗುಣಿತ ತಪ್ಪದೆ ಟೈಪು ಮಾಡುತ್ತೇನೆ, ಅದು ನನ್ನ ಕಸುಬು.
'ಮೇಲೆ ಹೇಳಿದ್ದೆಲ್ಲ ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯ'
ಎಂಬ ಸಾಲಿಗೆ ಮಾತ್ರ
ನೀನೇ ಬಂದು, ನನ್ನೆದುರು ಸ್ಟೂಲಿನ ಮೇಲೆ ಕೂತು,
ಗಟ್ಟಿಯಾಗಿ ಓದಿ ಹೇಳಬೇಕು.

ಸುಗಂಧಾಳಿಗೆ ತಿಳಿಸಿದೆ.
ಬಂಗಡೆ ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ.
"ಮನೆಗೂ ಬರ್ತಾನೆ ನೋಡು.
ಬರಲಿ, ಉಣ್ಣಲಿ.
ಒಂದೇ ಸೌಟು."